ಕೊನೆಯ ಪದ ನಾದಿನಿಯದು

"ಇನ್ನೊಂದು ಸಲ ಹಾಕಿ."

"ಮೇಡಂ, ಆಗ್ಲೇ ಏಳು ಸಲ ಆಯ್ತು," ಎಂದ ಗಂಡ.

"ಎಂಟಾಗ್ಲಿ ಬಿಡಿ. ಕೇಳೋ ಕಿವಿ ನನಗಿರೋದೇ ಒಂದು. ನಿಮಗಿಂತ ದುಪ್ಪಟ್ಟು ಕೇಳಿಸ್ಕೋಬೇಕು."

ಅವನು ತುಟಿ ಬಿಗಿದುಕೊಂಡು ಗುಂಡಿ ಒತ್ತಿದ. ತಾಲೀಮು ಕೋಣೆಯ ಎರಡು ದೊಡ್ಡ ಸ್ಪೀಕರುಗಳಲ್ಲಿ, ಮೊನ್ನೆ ಮಧ್ಯಾಹ್ನದಿಂದ ಕಾಣೆಯಾಗಿರುವ ಅವನ ಹೆಂಡತಿ ಮಾತಾಡಿದಳು.

"ನಾನಾಗೇ ಮನೆ ಬಿಟ್ಟು ಬಂದಿದ್ದು ನಿಜ. ನಾನಿಲ್ಲಿ ಕ್ಷೇಮವಾಗಿ ಇದೀನಿ. ಔಷಧಿ ನನ್ನ ಹತ್ರ ಇದೆ. ನನ್ನನ್ನ ಹುಡುಕೋದು ಬೇಡ."

ನಾಲ್ಕೇ ವಾಕ್ಯ. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಕಾಣೆಯಾದವಳ ಫೋನಿನಿಂದಲೇ ಅವಳ ನಾದಿನಿಯ ಫೋನಿಗೆ ಬಂದಿದ್ದವು. ಆಮೇಲೆ ಆ ಫೋನು ಆಫ್ ಆಗಿತ್ತು.

ಈ ನಾಲ್ಕು ವಾಕ್ಯ ಇಡೀ ಠಾಣೆಯ ಕೈಕಾಲು ಕಟ್ಟಿಹಾಕಿದ್ದವು. "ನಲವತ್ತೆರಡು ವರ್ಷದ ಹೆಂಗಸು, ನಾನಾಗೇ ಹೋಗಿದೀನಿ ಅಂತಿದ್ದಾಳೆ. ನಿಮಗ್ಯಾಕ್ರೀ ಇಲ್ಲದ ಉಸಾಬರಿ? ಸಂಜೆ ಐದಕ್ಕೆ ಫೈಲು ಮುಚ್ಚಿ," ಎಂದು ದೊಡ್ಡ ಸಾಹೇಬರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಇನ್ಸ್‌ಪೆಕ್ಟರ್ ಮೇಡಂಗೆ ಫೈಲಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಡಾಕ್ಟರು ಹೇಳಿದ ಮಾತಿನದು. ಕಾಣೆಯಾದವಳಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಇಂಜೆಕ್ಷನ್ ಬೇಕೇ ಬೇಕು. "ಎರಡು ದಿನ ಪೂರ್ತಿ ತಪ್ಪಿದ್ರೆ ಮೂರನೇ ದಿನ ಮಾತು ತೊದಲುತ್ತೆ, ಆಮೇಲೆ ಪ್ರಜ್ಞೆ ಹೋಗುತ್ತೆ. ಅಲ್ಲಿಂದ ಮುಂದೆ ನನ್ನನ್ನ ಕೇಳ್ಬೇಡಿ," ಎಂದಿದ್ದರು ಡಾಕ್ಟರು. ಔಷಧಿ ಅವಳ ಹತ್ತಿರ ಇದ್ದರೆ ಸರಿ. ಇಲ್ಲದಿದ್ದರೆ ಈ ಸಂಜೆಯೊಳಗೆ ಅವಳು ಸಿಗಬೇಕು.

ಆ ಹೆಂಗಸು ಬದುಕುವುದೂ ಬಿಡುವುದೂ ಹೀಗೆ 'ಇದೆ' ಎನ್ನುವ ಎರಡಕ್ಷರದ ಮೇಲೆ ನಿಂತಿತ್ತು.

ಇನ್ಸ್‌ಪೆಕ್ಟರಿನ ಎಡಗಿವಿ ಹತ್ತು ವರ್ಷದ ಹಿಂದೆ ಒಂದು ಗೋದಾಮಿನ ಸ್ಫೋಟದಲ್ಲಿ ಹೋಗಿತ್ತು. ಠಾಣೆಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ 'ಒಂಟಿಕಿವಿ ಮೇಡಂ' ಎನ್ನುತ್ತಿದ್ದರು. ಮುಂದೆ ನಿಂತು ಪಿಸುಗುಟ್ಟಿದರೂ ಅವಳಿಗೆ ಕೇಳಿಸದು ಎಂದು ಆ ಪುಣ್ಯಾತ್ಮರ ಲೆಕ್ಕ. ತುಟಿ ನೋಡಿಯೇ ಮಾತು ಓದುವುದನ್ನು ಮೇಡಂ ಕಲಿತು ಒಂಬತ್ತು ವರ್ಷವಾಗಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಎಂಟನೇ ಸಲ ಅವಳು ಸ್ಪೀಕರಿನ ಕಡೆ ನೋಡಲಿಲ್ಲ. ನಾದಿನಿಯ ಬಾಯಿಯನ್ನು ನೋಡಿದಳು.

ನಾದಿನಿ ಕೋಣೆಯ ನಡುವೆ ನಿಲ್ಲಿಸಿದ್ದ ಮರದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೂವತ್ತೇಳರ ಹೆಂಗಸು, ಎರಡು ರಾತ್ರಿಯಿಂದ ನಿದ್ದೆಯಿಲ್ಲದ ಕಣ್ಣು. ಅತ್ತಿಗೆಯ ದನಿ ಹರಿಯುತ್ತಿದ್ದಷ್ಟು ಹೊತ್ತು ಅವಳ ತುಟಿ ಅಲ್ಲಾಡಲಿಲ್ಲ. ಪ್ರತಿ ವಾಕ್ಯದ ಕೊನೆಯಲ್ಲಿ ಮಾತ್ರ ಚೂರೇ ಚೂರು ಅದುರಿತು.

ನಿಜ. ಇದೀನಿ. ಇದೆ. ಬೇಡ.

ನಾಲ್ಕು ಸಲವೂ ಅದೇ ಹೊತ್ತಿಗೆ ಒಂದು ಪಾರಿವಾಳ ಗುಟುರು ಹಾಕಿತು.

ಈ ತಾಲೀಮು ಕೋಣೆ ಹಳೆಯ ಹಂಚಿನ ಶೆಡ್ಡಿನ ಮಹಡಿ. ತೊಲೆಯ ಮೇಲೆಲ್ಲ ಪಾರಿವಾಳದ ಸಂಸಾರ. ಏಳು ಸಲ ಕೇಳುವಾಗಲೂ ಆ ಗುಟುರು ಕೇಳಿಸಿತ್ತು, ಏಳು ಸಲವೂ ಮೇಡಂ ಅದನ್ನು ತೊಲೆಯ ಮೇಲಿನದು ಎಂದುಕೊಂಡಿದ್ದಳು. ಒಂದೇ ಕಿವಿಯವರಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಈ ಸಲ ಯಾಕೋ ಕತ್ತೆತ್ತಿ ನೋಡಿದಳು.

ತೊಲೆ ಖಾಲಿ. ಮಧ್ಯಾಹ್ನ ಎರಡೂವರೆಯ ಬಿಸಿಲಿಗೆ ಒಂದು ಹಕ್ಕಿಯೂ ಒಳಗಿರಲಿಲ್ಲ.

'ಥೂ, ನನ್ನ ಕಿವಿಗಿಷ್ಟು' ಎಂದು ಮೇಡಂ ಮನಸ್ಸಿನಲ್ಲೇ ಬೈದುಕೊಂಡಳು. ಪಾರಿವಾಳ ಇದ್ದದ್ದು ಸ್ಪೀಕರಿನ ಒಳಗೆ!

ಅಷ್ಟರಲ್ಲಿ ಮುಖ್ಯಪೇದೆ ಮೆಟ್ಟಿಲು ಹತ್ತಿ ಬಂದ. ಮೈಗೆ ತಕ್ಕಂತೆ ಉಸಿರೂ ದೊಡ್ಡದು. ಮೇಡಂ ಬಲಗಡೆಗೆ ಬಂದು, ಕೇಳುವ ಕಿವಿಗೇ ಬಾಯಿಟ್ಟು ಹೇಳಿದ:

"ಮೇಡಂ, ಕೆಳಗಡೆ ವೇಷ ಹೊಲಿಯೋ ದರ್ಜಿ ಇದ್ದಾನಲ್ಲ, ಅವನಿಗೆ ಮೆಸೇಜಲ್ಲಿ ಏನಿದೆ ಅಂತ ಬಾಯಲ್ಲೇ ಹೇಳ್ದೆ. ಬಿದ್ದು ಬಿದ್ದು ನಕ್ಕ."

"ನಗೋಕೇನಿದೆ?"

"ಆಯಮ್ಮ ಇಷ್ಟು ವರ್ಷದಲ್ಲಿ ಒಂದು ಮಾತನ್ನೂ ಪೂರ್ತಿ ಮಾಡಿದ್ದಿಲ್ವಂತೆ. 'ಈ ತೋಳು ಸ್ವಲ್ಪ...' ಅಂತಾರಂತೆ, ಅಲ್ಲಿಗೇ ನಿಲ್ಲಿಸ್ತಾರಂತೆ. ಬಿಗಿ ಮಾಡ್ಬೇಕೋ ಸಡಿಲ ಮಾಡ್ಬೇಕೋ ಇವನು ನಾದಿನಿ ಮುಖ ನೋಡ್ಬೇಕಂತೆ. 'ನಾಲ್ಕು ಮಾತು ಮುಗಿಸಿದಾರೆ ಅಂದ್ರೆ ಅದು ಅವರಲ್ಲ ಬಿಡಿ ಸಾರ್' ಅಂದ."

ಮೇಡಂ ಮತ್ತೆ ಏಣಿಯ ಕಡೆ ನೋಡಿದಳು.

ಜಗತ್ತಿನಲ್ಲಿ ಅತ್ತಿಗೆ ನಾದಿನಿ ಒಂದೇ ಒಲೆಯ ಮುಂದೆ ಒಂದು ತಾಸು ನೆಮ್ಮದಿಯಾಗಿ ಕೂತರೆ ಹೆಚ್ಚು. ಇವರಿಬ್ಬರು ಹದಿನೆಂಟು ವರ್ಷ ಒಂದೇ ಏಣಿಯ ಮೇಲೆ ಕೂತಿದ್ದರು. ಅತ್ತಿಗೆ ತುದಿಯಲ್ಲಿ, ನಾದಿನಿ ಬುಡದಲ್ಲಿ. ಏಣಿಯ ಮೆಟ್ಟಿಲಿಗೆಲ್ಲ ಪುಟ್ಟ ಮೈಕು ಕಟ್ಟಿಕೊಂಡು, ಏಣಿಯನ್ನೇ ಅಂಗೈಯಲ್ಲಿ ಬಡಿದು ತಾಳ ಹಾಕುತ್ತಿದ್ದರು. ಅಜ್ಜಿಯರ ಕಾಲದ ಹಾಡುಗಳನ್ನು ಹಾಡುತ್ತಾ ಹಾಡುತ್ತಾ ಏಣಿ ಹತ್ತಿ, ಇಳಿದು, ಬಿದ್ದು, ಜಗಳವಾಡಿ, ಅತ್ತು, ಅದನ್ನೇ ನಾಟಕ ಮಾಡುತ್ತಿದ್ದರು. ಮೊದಲ ಆಟ ನೋಡಿದ ಪತ್ರಿಕೆಯವನೊಬ್ಬ 'ಇದು ಹಾಡೂ ಅಲ್ಲ, ನಾಟಕವೂ ಅಲ್ಲ, ಎಲ್ಲ ಅರೆಬರೆ' ಎಂದು ಬರೆದ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು, 'ಅರೆಬರೆ' ಎಂದೇ ಜೋಡಿಗೆ ಹೆಸರಿಟ್ಟುಬಿಟ್ಟಳು.

ಜನ ಮುಗಿಬಿದ್ದು ನೋಡುತ್ತಿದ್ದದ್ದು ಒಂದು ಚಮತ್ಕಾರಕ್ಕೆ. ಅತ್ತಿಗೆ ಮೇಲಿನಿಂದ ಸಾಲು ಹಾಡುತ್ತಾ ಬಂದು ಕೊನೆಯ ಪದದ ಹತ್ತಿರ ನಿಲ್ಲಿಸಿಬಿಡುವಳು. ಆ ಒಂದು ಪದವನ್ನು ಕೆಳಗಿನಿಂದ ನಾದಿನಿ ಎಸೆಯಬೇಕು. 'ಈ ಮನೆಯಲ್ಲಿ ನನಗೊಂದು ಕಿಟಕಿ...' ಎಂದು ಅತ್ತಿಗೆ ರಾಗ ಎಳೆದರೆ, 'ಇದೆ' ಎಂದು ಒಂದು ದಿನ, 'ಇಲ್ಲ' ಎಂದು ಇನ್ನೊಂದು ದಿನ. ನಾದಿನಿ ಏನೆನ್ನುತ್ತಾಳೋ ಅತ್ತಿಗೆಗೂ ಗೊತ್ತಿಲ್ಲ. ಇದೆ ಎಂದರೆ ಏಣಿಯ ಮೇಲಿನಿಂದ ಹೊರಗೆ ಇಣುಕಿ ನಗಬೇಕು, ಇಲ್ಲ ಎಂದರೆ ಗೋಡೆ ಗುದ್ದಿ ಅಳಬೇಕು. ನಮ್ಮ ಭಾಷೆಯಲ್ಲಿ ಹೌದು ಅಲ್ಲಗಳೆರಡೂ ವಾಕ್ಯದ ಬಾಲದಲ್ಲೇ ಕೂತಿರುತ್ತವಲ್ಲ, ಆ ಬಾಲ ನಾದಿನಿಯ ಕೈಯಲ್ಲಿತ್ತು. ರಂಗದ ಈ ಚಾಳಿ ಅತ್ತಿಗೆಗೆ ಮನೆಯಲ್ಲೂ ಅಂಟಿಕೊಂಡಿತ್ತು ಎಂಬುದು ಮಾತ್ರ ಮೇಡಂಗೆ ಈಗ ತಿಳಿದ ಸುದ್ದಿ.

ನಿನ್ನೆಯವರೆಗೂ ಅವಳ ಅನುಮಾನ ರಂಗಮಂದಿರದ ಮ್ಯಾನೇಜರನ ಮೇಲಿತ್ತು. ಶನಿವಾರದ ಹೊಸ ಆಟ ಬೇಡವೆಂದು ಅವನು ಕೂಗಾಡಿದ್ದನ್ನು ನಾಲ್ಕು ಜನ ಕೇಳಿದ್ದರು. ಆದರೆ ಆ ಮ್ಯಾನೇಜರು ಮೊನ್ನೆ ಮಧ್ಯಾಹ್ನದಿಂದ ಹಲ್ಲು ಕೀಳಿಸಿಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದ. ಅವನಿಗೆ ಬಾಯಿ ತೆರೆಯಲೂ ಆಗುತ್ತಿರಲಿಲ್ಲ.

"ನೋಡಿ," ಎಂದಳು ಮೇಡಂ ಗಂಡನ ಕಡೆ ತಿರುಗಿ. ತಂಡದ ಸೌಂಡಿನ ಕೆಲಸವೆಲ್ಲ ಅವನದೇ. "ಹೋಲಿಸಿ ನೋಡೋಕೆ ನಿಮ್ಮ ಹೆಂಡತಿದು ಹಳೇ ರೆಕಾರ್ಡಿಂಗ್ ಒಂದು ಬೇಕು. ಎಲ್ಲಿದೆ?"

"ವ್ಯಾನಲ್ಲಿದೆ ಮೇಡಂ. ಬೀದಿ ಕೊನೇಲಿ ನಿಲ್ಸಿದೀನಿ."

"ಹೋಗಿ ತಂದುಬಿಡಿ."

ಅವನು ಎದ್ದ. ಬಾಗಿಲ ಹತ್ತಿರ ನಿಂತು ತಂಗಿಯನ್ನು ನೋಡಿದ. "ಪುಟ್ಟೀ, ನೀರು ಗೀರು ಕುಡಿ. ಸುಮ್ನೆ ತಲೆ ಕೆಡಿಸ್ಕೋಬೇಡ," ಎಂದ. ಮೆಲುವಾಗಿಯೇ ಅಂದ. ನಾದಿನಿ ತಲೆ ಎತ್ತಲಿಲ್ಲ.

ಅವನ ಹೆಜ್ಜೆ ಮೆಟ್ಟಿಲಿಳಿಯುವವರೆಗೆ ಮೇಡಂ ಕಾದಳು. ಮುಖ್ಯಪೇದೆಯನ್ನು ಕೆಳಗೆ ಬಾಗಿಲಲ್ಲಿ ನಿಲ್ಲುವಂತೆ ಕಳಿಸಿದಳು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ನಾದಿನಿಯ ಎದುರಿಗೇ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು.

"ಇದು ನಿಮ್ಮತ್ತಿಗೆ ದನಿನಾ?"

"ಹೌದು ಮೇಡಂ. ನಿನ್ನೆನೇ ಹೇಳಿದ್ನಲ್ಲ."

"ಪೂರ್ತಿ ಅವರದೇ?"

"ಪೂರ್ತಿ."

"ನಿಮ್ಮತ್ತಿಗೆ ಮಾತು ಪೂರ್ತಿ ಮಾಡಲ್ವಂತೆ. ದರ್ಜಿ ಹೇಳ್ತಾನೆ."

"ದರ್ಜಿಗೇನು ಗೊತ್ತು? ಭಯ ಆದಾಗ ಎಲ್ರೂ ಪೂರ್ತಿ ಮಾತಾಡ್ತಾರೆ."

"ಭಯ? ಕ್ಷೇಮವಾಗಿದೀನಿ ಅಂತಿದ್ದಾರಲ್ಲಮ್ಮ ಅವರು."

ನಾದಿನಿ ಏಣಿಯ ಮೆಟ್ಟಿಲನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಮೆಟ್ಟಿಲಿಗೆ ಕಟ್ಟಿದ್ದ ಮೈಕು ಇನ್ನೂ ಚಾಲೂ ಇತ್ತೋ ಏನೋ, ಆ ಕೆರೆತ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿಸಿತು. ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು.

ಮೇಡಂ ಜಗಳ ಮಾಡಲಿಲ್ಲ. ಮೇಜಿನ ಮೇಲಿದ್ದ ಫೋನು ಎತ್ತಿಕೊಂಡಳು. ಮೆಸೇಜನ್ನು ಮತ್ತೆ ಹಾಕಿ, ಬೆರಳನ್ನು ಗುಂಡಿಯ ಮೇಲೇ ಇಟ್ಟುಕೊಂಡಳು.

"ನಾನಾಗೇ ಮನೆ ಬಿಟ್ಟು ಬಂದಿದ್ದು—"

ನಿಲ್ಲಿಸಿದಳು. ಕೋಣೆ ಗಪ್‌ಚಿಪ್. ನಾದಿನಿ ಹಲ್ಲು ಕಚ್ಚಿ ತಡೆದುಕೊಂಡಳು.

"ನಿಜ," ಎಂದು ಫೋನು ಮುಗಿಸಿತು. "ನಾನಿಲ್ಲಿ ಕ್ಷೇಮವಾಗಿ—"

ಮತ್ತೆ ನಿಲ್ಲಿಸಿದಳು. ಈ ಸಲ ಸ್ವಲ್ಪ ಹೆಚ್ಚು ಹೊತ್ತು.

ನಾದಿನಿಯ ಹಣೆಯ ಮೇಲೆ ಬೆವರು ಮೂಡಿತು. ಕಣ್ಣು ಮುಚ್ಚಿಕೊಂಡಳು. ಹದಿನೆಂಟು ವರ್ಷದಿಂದ ದಿನಾ ಮಾಡಿದ ಕೆಲಸವನ್ನು ಮಾಡದೆ ಇರುವುದೆಂದರೆ ಸೀನು ತಡೆದುಕೊಂಡ ಹಾಗೆ. ಮೇಡಂಗೆ ಅವಳನ್ನು ನೋಡಿ ಅಯ್ಯೋ ಅನ್ನಿಸಿತು, ಆದರೂ ಬೆರಳು ತೆಗೆಯಲಿಲ್ಲ.

"ಇದೀನಿ. ಔಷಧಿ ನನ್ನ ಹತ್ರ—"

"ಇಲ್ಲ!"

ನಾದಿನಿಯ ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಫೋನು ತನ್ನ ಪಾಡಿಗೆ ತಾನು, ಅದೇ ದನಿಯಲ್ಲಿ, "ಇದೆ" ಎಂದಿತು.

ಮೇಡಂ ಫೋನು ಕೆಳಗಿಟ್ಟಳು.

"ಈ ಮೆಸೇಜಲ್ಲಿ ಒಂದು ಪಾರಿವಾಳ ಇದೆ," ಎಂದಳು. "ವಾಕ್ಯ ಶುರುವಾದಾಗ ಇರಲ್ಲ, ಆವಾಗ ಹಿಂದೆ ಯಾವುದೋ ಯಂತ್ರ ಗುಂಯ್ ಅಂತಿರುತ್ತೆ. ಕೊನೇ ಪದ ಬಂದಾಗ ಯಂತ್ರ ನಿಂತು ಹೋಗಿ ಪಾರಿವಾಳ ಕೂಗುತ್ತೆ. ಎಲ್ಲಾ ನಾಲ್ಕು ಸಲನೂ. ನಿಮ್ಮತ್ತಿಗೆ ಅಲ್ಲೆಲ್ಲೋ ಕೂತು ಮುಕ್ಕಾಲು ಮಾತಾಡಿ, ಕಾಲು ಮಾತಾಡೋಕೆ ಇಲ್ಲಿಗೆ ಓಡಿ ಬಂದ್ರಾ? ಹೇಳಮ್ಮಾ. ಈ ಕೋಣೆಲಿ ಕೂತು ಆ ನಾಲ್ಕು ಪದ ಹೇಳಿದ್ದು ಯಾರು?"

ನಾದಿನಿ ಕೈ ತೆಗೆಯದೆಯೇ ತಲೆಯಾಡಿಸಿದಳು.

"ಬಾಯಿ ಬಿಟ್ಟು ಹೇಳ್ಬೇಕು."

"ನಾನು."

"ಯಾರು ಹೇಳ್ಸಿದ್ದು?"

ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಮೇಡಂ ಕುರ್ಚಿಯನ್ನು ಇನ್ನಷ್ಟು ಮುಂದೆ ಜರುಗಿಸಿ ಆ ಬಾಗಿಲು ಕಾಣದಂತೆ ಅಡ್ಡ ಕೂತಳು.

"ಅಣ್ಣ," ಎಂದಳು ನಾದಿನಿ. ಅಷ್ಟು ಹೇಳಿದ ಮೇಲೆ ಉಳಿದದ್ದು ತಡೆಯಲು ಆಗಲೇ ಇಲ್ಲ. "ನಿನ್ನೆ ಬೆಳಿಗ್ಗೆ ಎಂಟಕ್ಕೆ ಬಂದ ಮೇಡಂ. 'ಪುಟ್ಟೀ, ನಿಮ್ಮತ್ತಿಗೆ ಮಾತಾಡಿ ಕಳಿಸಿದಾಳೆ. ಯಥಾಪ್ರಕಾರ ಬಾಲ ನುಂಗಿದಾಳೆ. ಹೀಗೇ ಪೊಲೀಸರಿಗೆ ಕೊಟ್ರೆ ತಲೆಬುಡ ಗೊತ್ತಾಗಲ್ಲ, ನಮ್ಮನ್ನೇ ಪೀಡಿಸ್ತಾರೆ. ನೀನು ಮುಗಿಸಿಬಿಡು, ಅವಳೇನು ಹೇಳ್ತಾಳೆ ಅಂತ ನಿನಗೆ ಗೊತ್ತಲ್ಲ' ಅಂದ. ಮೈಕು ಮುಂದಿಟ್ಟ."

"ನೀವು ಮುಗಿಸಿದ್ರಿ."

"ಮುಗಿಸ್ದೆ. ಯೋಚನೆ ಅನ್ನೋದೇ ಮಾಡ್ಲಿಲ್ಲ. ಅತ್ತಿಗೆ ನಿಲ್ಸಿದ ಕಡೆ ನನ್ನ ಬಾಯಿ ತಾನಾಗೇ ತೆರ್ಕೊಳುತ್ತೆ. ನಮ್ಮಿಬ್ಬರ ದನಿ ಎಷ್ಟು ಹೊಂದುತ್ತೆ ಅಂದ್ರೆ ಹೊಲಿಗೆ ಯಾರಿಗೂ ಕಾಣಲ್ಲ. ನಾನು ಹೇಳಿದ್ದನ್ನ ಅಣ್ಣ ಜೋಡ್ಸಿದ. ನನ್ನ ತಲೆ ನೇವರಿಸಿ ಹೋದ. ಒಂದು ಗಂಟೆ ಆದ್ಮೇಲೆ ಅದೇ ಮೆಸೇಜು ನನ್ನ ಫೋನಿಗೆ ಬಂತು. ಅತ್ತಿಗೆ ನಂಬರಿಂದ."

"ಅಂದ್ರೆ ಅತ್ತಿಗೆ ಫೋನು ನಿಮ್ಮಣ್ಣನ ಜೇಬಲ್ಲಿದೆ ಅಂತ ನಿನ್ನೆ ಒಂಬತ್ತಕ್ಕೇ ಗೊತ್ತಾಯ್ತು."

"ಹೂಂ."

"ಆದ್ರೂ ಅದನ್ನ ತಂದು ನನ್ನ ಕೈಗೆ ಕೊಟ್ಟೆ. ಅತ್ತಿಗೆ ದನಿನೇ ಅಂತ ಆಣೆ ಬೇರೆ ಇಟ್ಟೆ!" ಮೇಡಂಗೆ ಸಿಟ್ಟು ನೆತ್ತಿಗೇರಿ ನೀವು ಹೋಗಿ ನೀನು ಬಂದಿತ್ತು. "ಒಂದು ಇಡೀ ದಿನ ತಾಯಿ! ಆ ಒಂದು ದಿನದಲ್ಲಿ ನಾನು ಊರಿನ ಬಾಗಿಲೆಲ್ಲ ಬಡೀತಿದ್ದೆ!"

"ನಮ್ಮಣ್ಣ ಮೇಡಂ!" ನಾದಿನಿ ಅಷ್ಟೇ ಜೋರಾಗಿ ಕೂಗಿದಳು. "ಅಪ್ಪ ಅಮ್ಮ ಹೋದ್ಮೇಲೆ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ದೋನು. ನನ್ನ ತಟ್ಟೆಗೆ ಮೊದಲು ಬಡಿಸದೆ ತಾನು ತಿಂದೋನಲ್ಲ. ಅವನ ಮೇಲೆ ಪೊಲೀಸರ ಹತ್ರ ಹೇಳೋದು ಅಂದ್ರೆ ನಾಲಿಗೆ ಹೇಗೆ ಹೊರಳುತ್ತೆ?"

ಮೇಡಂ ಅವಳ ಅಳು ಸ್ವಲ್ಪ ತಗ್ಗುವವರೆಗೆ ಬಿಟ್ಟಳು. ಗಡಿಯಾರ ನೋಡಿದಳು. ಮೂರು ಗಂಟೆ.

"ಅಣ್ಣ ಒಳ್ಳೆಯವನು ಅಂತ ನಂಬಿದ್ದೋಳು ಈಗ 'ಇಲ್ಲ' ಅಂದಿದ್ದು ಯಾಕೆ?"

ನಾದಿನಿ ಎದುರಿನ ಗೋಡೆ ತೋರಿಸಿದಳು. ಗೋಡೆಯ ಒಂದು ಕಡೆ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು.

"ಅದು ಏಣಿ ಬಡಿದ ಗುರುತು," ಎಂದಳು. "ಶನಿವಾರದ ಹೊಸ ಆಟ ಅತ್ತಿಗೆನೇ ಬರೆದಿದ್ದು. ಹೆಂಡತೀನ ಮನೆಯೊಳಗೆ ಕೂಡಿಹಾಕೋ ಗಂಡನ ಕತೆ. ಸಾಲುಗಳೆಲ್ಲ ಬರೆದು, ಕೊನೇ ಪದ ಖಾಲಿ ಬಿಟ್ಟು, 'ಈ ಸಲ ನಿಜವಾದ ಪದ ಹಾಕು ಪುಟ್ಟಿ' ಅಂತ ನನ್ನ ಕೈಗೆ ಕೊಟ್ರು. ಮ್ಯಾನೇಜರಿಗೆ ಕತೆ ಹಿಡಿಸಲಿಲ್ಲ, ಕೂಗಾಡಿ ಸುಮ್ನಾದ. ಅಣ್ಣ ಓದಿದ ದಿನ ಏಣಿ ಎತ್ತಿ ಗೋಡೆಗೆ ಹೊಡೆದ. ಆಮೇಲೆ ಅವನೇ ಗಾರೆ ಗುಡಿಸಿದ. ನಾನು, ಹೋಗ್ಲಿ ಬಿಡಿ ಅತ್ತಿಗೆ, ಅಣ್ಣನಿಗೆ ಕೆಲಸದ ಒತ್ತಡ ಅಂದೆ."

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಇರೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ ಮೇಡಂ?" ಅವಳು ಮೂಗು ಒರೆಸಿಕೊಂಡಳು. "ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆ ಒಂದಿನ ನನ್ನ ಪಕ್ಕ ಕೂತು 'ನಿಮ್ಮಣ್ಣ ನನ್ನನ್ನ...' ಅಂತ ನಿಲ್ಸಿದ್ರು. ನನಗೆ ಹದಿನೇಳು ವರ್ಷ. 'ತುಂಬಾ ಪ್ರೀತಿ ಮಾಡ್ತಾನೆ' ಅಂತ ಮುಗಿಸ್ದೆ. ಅತ್ತಿಗೆ ನನ್ನ ಮುಖ ನೋಡಿ ನಕ್ಕುಬಿಟ್ರು. ನಮ್ಮ ಆಟ ಶುರುವಾಗಿದ್ದೇ ಅಲ್ಲಿಂದ. ಎಲ್ರೂ ಚಪ್ಪಾಳೆ ಹೊಡೆದ್ರು. ಅತ್ತಿಗೆ ಮನೇಲಿ ಎಷ್ಟು ಸಲ ನನ್ನ ಮುಂದೆ ಮಾತು ನಿಲ್ಸಿದ್ರೋ, ಅಷ್ಟೂ ಸಲ ನಾನು ಒಳ್ಳೇ ಪದನೇ ಹಾಕ್ದೆ. ಅವರಿಗೆ ಹೇಳೋಕೇ ಬಿಡಲಿಲ್ಲ ನಾನು. ಅವರ ಬಾಯಿ ಮುಚ್ಚಿಸಿದ್ದು ಅಣ್ಣ ಒಬ್ಬನೇ ಅಲ್ಲ."

ಅಯ್ಯೋ ದೇವರೇ ಅನ್ನಿಸಿತು ಮೇಡಂಗೆ. ಎಷ್ಟೋ ಕೊಲೆಗಾರರ ತಪ್ಪೊಪ್ಪಿಗೆ ಕೇಳಿದ್ದ ಆ ಒಂಟಿ ಕಿವಿಗೆ ಇಂಥ ಅಪರಾಧ ಬಿದ್ದದ್ದು ಇದೇ ಮೊದಲು. ಇದಕ್ಕೆ ಯಾವ ಕಲಮು ಹಾಕುವುದೋ ಅವಳಿಗೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಪುರುಸೊತ್ತೂ ಇರಲಿಲ್ಲ.

"ಔಷಧಿ," ಎಂದಳು. "ಮನೆ ಫ್ರಿಡ್ಜಲ್ಲಿದ್ದ ಡಬ್ಬಿ ಕಾಣ್ತಿಲ್ಲ. ಅದಕ್ಕೇ ಅವರೇ ತಗೊಂಡು ಹೋಗಿದ್ದಾರೆ ಅಂತ ನಾವು ನಂಬಿದ್ದು. ಡಬ್ಬಿ ಎಲ್ಲಿದೆ?"

"ನಿನ್ನೆ ಸಂಜೆ ವ್ಯಾನಲ್ಲಿ ನೋಡಿದೆ. ಡ್ರೈವರ್ ಸೀಟಿನ ಕೆಳಗೆ, ಐಸು ತುಂಬಿದ ಚೀಲದೊಳಗೆ."

"ಐಸು ತುಂಬಿ ಇಟ್ಟಿದಾನೆ ಅಂದ್ರೆ ಕೆಡಬಾರದು ಅಂತ. ಅವರು ಬದುಕಿದಾರೆ." ಮೇಡಂ ತನಗೇ ಹೇಳಿಕೊಂಡಳು. ಆಮೇಲೆ ಇನ್ನೊಂದು ಹೊಳೆಯಿತು. "ಹೇಳಿದ ಹಾಗೆ ಮಾತಾಡಿದ್ರೆ ಒಂದು ಇಂಜೆಕ್ಷನ್. ಇಲ್ಲಾಂದ್ರೆ ಇಲ್ಲ."

"ಅದಕ್ಕೇ ಅತ್ತಿಗೆ ಕೊನೇ ಪದ ಹೇಳ್ಲಿಲ್ಲ," ಎಂದಳು ನಾದಿನಿ. "ಅವನು ಕೊಟ್ಟ ಸಾಲನ್ನ ಓದಿದ್ರು. ಪದ ನನಗೆ ಬಿಟ್ರು. ನಾನು ನಿಜವಾದ ಪದ ಹಾಕ್ತೀನಿ ಅಂತ ನಂಬಿದ್ರು. ಸುಳ್ಳು, ಇಲ್ಲ, ಇಲ್ಲ, ಬೇಕು. ಇಷ್ಟು ಹೇಳಿದ್ರೆ ಸಾಕಾಗಿತ್ತು. ಅಣ್ಣ ಅದನ್ನ ಕಳಿಸ್ತಿರಲಿಲ್ಲ, ಸರಿ. ಆದ್ರೆ ನನ್ನ ಬಾಯಿಂದ ಬಂದಿದ್ರೆ ನನಗಾದ್ರೂ ನಿನ್ನೆನೇ ಗೊತ್ತಾಗ್ತಿತ್ತು."

ಮೇಡಂ ದಡಕ್ಕನೆ ಎದ್ದು ಮೆಟ್ಟಿಲ ತಲೆಗೆ ಬಂದು ಕೂಗಿದಳು. "ರೀ! ಅವನನ್ನ ಹಿಡ್ಕೊಂಡು ಮೇಲೆ ಬನ್ನಿ!"

"ಯಾರನ್ನ ಮೇಡಂ?" ಕೆಳಗಿನಿಂದ ಮುಖ್ಯಪೇದೆಯ ಮುಗ್ಧ ಮುಖ ಮೇಲೆ ನೋಡಿತು.

"ಗಂಡನ್ನ!"

"ಅವರು ಆಗ್ಲೇ ಹೊರಟ್ರಲ್ಲ. 'ಮೇಡಂ ಕಳಿಸಿದಾರೆ, ರೆಕಾರ್ಡಿಂಗು ವ್ಯಾನಲ್ಲಿಲ್ಲ, ಹತ್ತು ನಿಮಿಷದಲ್ಲಿ ತರ್ತೀನಿ' ಅಂದ್ರು. ವ್ಯಾನ್ ತಗೊಂಡೇ ಹೋದ್ರು." ಅವನು ಕೈಗಡಿಯಾರ ನೋಡಿಕೊಂಡ. ಮುಖ ಸುಣ್ಣದ ಹಾಗೆ ಬಿಳಿಚಿತು. "ಹೋಗಿ ಅರ್ಧ ಗಂಟೆ ಮೇಲಾಯ್ತು ಮೇಡಂ."

ಬೈಯಲು ಮೇಡಂ ಬಾಯಿ ತೆರೆದಳು, ಮುಚ್ಚಿದಳು. ಬೈಯಬೇಕಾದ್ದು ತನ್ನನ್ನೇ. ಹೋಗಿ ತನ್ನಿ ಎಂದು ಕೈಯಾರೆ ಕಳಿಸಿದ್ದು ಯಾರು? ತಂಗಿಯನ್ನು ಒಂಟಿಯಾಗಿ ಹಿಡಿಯುವ ಆತುರದಲ್ಲಿ ಅಣ್ಣನಿಗೆ ಬಾಗಿಲು ತೆರೆದು ಕೊಟ್ಟಿದ್ದಳು. ಅವನು ಔಷಧಿಯನ್ನೂ ತೆಗೆದುಕೊಂಡು, ಆಟ ಬಯಲಾಯಿತೆಂದು ತಿಳಿದುಕೊಂಡು, ನೇರ ಹೆಂಡತಿಯ ಹತ್ತಿರ ಹೋಗಿದ್ದಾನೆ. ಅಲ್ಲಿ ಏನು ಮಾಡುತ್ತಾನೆ ಎಂದು ಊಹಿಸಲೂ ಭಯವಾಯಿತು.

"ವ್ಯಾನ್ ನಂಬರು ಎಲ್ಲಾ ಚೆಕ್‌ಪೋಸ್ಟಿಗೂ ಹೇಳಿ. ಓಡಿ!" ಎಂದು ಮುಖ್ಯಪೇದೆಯನ್ನು ಅಟ್ಟಿ, ವಾಪಸು ಒಳಗೆ ಬಂದಳು.

"ಅವನನ್ನ ಮಾತಲ್ಲಿ ಹಿಡಿದಿಡೋಕೆ ನಿನ್ನ ಕೈಲಿ ಮಾತ್ರ ಆಗೋದು. ಫೋನ್ ಮಾಡು. ಪೊಲೀಸರು ಹೋದ್ರು, ಫೈಲು ಮುಚ್ಚಿದ್ರು ಅನ್ನು. ಬರ್ತಾ ತಿಂಡಿ ತಾ ಅನ್ನು, ಏನಾದ್ರೂ ಅನ್ನು. ಅವನಿಗೆ ಭಯ ಹೋಗ್ಬೇಕು."

"ಅಣ್ಣನಿಗೆ ಸುಳ್ಳು ಹೇಳ್ಬೇಕಾ?"

"ಅತ್ತಿಗೆಗೆ ಹೇಳಿದೀಯಲ್ಲ, ಇಪ್ಪತ್ತು ವರ್ಷ."

ಮಾತು ಕ್ರೂರವೆಂದು ಮೇಡಂಗೂ ಗೊತ್ತಿತ್ತು. ನಾದಿನಿ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ರಂಗಕ್ಕೆ ಹೋಗುವವಳ ಹಾಗೆ ಒಮ್ಮೆ ಉಸಿರೆಳೆದುಕೊಂಡಳು. ಅಣ್ಣನ ನಂಬರು ಒತ್ತಿ, ಸ್ಪೀಕರು ಹಾಕಿ, ಫೋನನ್ನು ಇಬ್ಬರ ನಡುವೆ ಹಿಡಿದಳು. ಮೇಡಂ ಬಲಗಿವಿ ತಂದು ಹತ್ತಿರ ಇಟ್ಟಳು.

ರಿಂಗಾಯಿತು. ನಾಲ್ಕು, ಐದು, ಆರು. ಒಂಬತ್ತನೆಯದಕ್ಕೆ ಯಾರೋ ಎತ್ತಿದರು.

ಮಾತಿಲ್ಲ. ಹಿಂದೆ ಯಂತ್ರದ ಗುಂಯ್ ಸದ್ದು. ಮೆಸೇಜಿನಲ್ಲಿದ್ದದ್ದೇ.

"ಅಣ್ಣಾ," ಎಂದಳು ನಾದಿನಿ. ದನಿಯಲ್ಲಿ ಒಂದು ಚೂರೂ ಅಳುಕಿರಲಿಲ್ಲ, ಅಷ್ಟು ಚೆನ್ನಾಗಿ ನಟಿಸಿದಳು. "ಎಲ್ಲಿದೀಯೋ? ಪೊಲೀಸಮ್ಮ ಎದ್ದು ಹೋದ್ಲು. ಫೈಲು ಮುಚ್ತಾರಂತೆ. ನೀನು ಬಾ, ಊಟ ಮಾಡೋಣ."

ಆ ಕಡೆ ಉಸಿರು ಕೇಳಿಸಿತು. ದಣಿದ, ಎಳೆದೆಳೆದು ಬಿಡುವ ಉಸಿರು. ಗಂಡಸಿನದಲ್ಲ.

"ಪುಟ್ಟೀ..."

ನಾದಿನಿಯ ಕೈಯಿಂದ ಫೋನು ಜಾರಿತು. ಮೇಡಂ ಹಿಡಿದುಕೊಂಡಳು.

"ಅತ್ತಿಗೆ! ಅತ್ತಿಗೆ, ಎಲ್ಲಿದೀರಿ? ಇಂಜೆಕ್ಷನ್..."

"ಡಬ್ಬಿ ನನ್ನ ಕೈಲಿ..."

"ಇದೆಯಾ? ಇದೆ ಅನ್ನಿ!"

"ಹೂಂ." ಅಷ್ಟಕ್ಕೇ ಅವಳಿಗೆ ಉಸಿರು ಕಟ್ಟಿತು. ಮಾತು ತೊದಲುತ್ತಿತ್ತು. ಡಾಕ್ಟರು ಹೇಳಿದಂತೆಯೇ. "ಈಗ... ಚುಚ್ಚಿಕೊಂಡೆ."

ನಾದಿನಿ ಅಳುತ್ತಾ ನಗತೊಡಗಿದಳು. ಮೇಡಂಗೆ ನಗು ಬರಲಿಲ್ಲ. ಹೆಂಡತಿಯ ಕೈಯಲ್ಲಿ ಡಬ್ಬಿ ಇದೆ. ಗಂಡನ ಫೋನೂ ಅವಳ ಕೈಯಲ್ಲೇ ಇದೆ. ಹಾಗಾದರೆ ಗಂಡ? 'ಅಣ್ಣ ಎಲ್ಲಿ ಕೇಳು' ಎಂದು ದನಿಯಿಲ್ಲದೆ ತುಟಿ ಮಾತ್ರ ಆಡಿಸಿದಳು.

"ಅತ್ತಿಗೆ, ಅಣ್ಣ ಎಲ್ಲಿ?"

"ಡಬ್ಬಿ ಕಿತ್ಕೊಂಡು ತಳ್ಳಿದೆ, ತಲೆ ಯಂತ್ರಕ್ಕೆ... ನಿಮ್ಮಣ್ಣ ಇಲ್ಲೇ, ನನ್ನ ಕಾಲ ಹತ್ರ..."

"ಇದಾನೆ," ಎಂದಳು ನಾದಿನಿ. ಮೇಡಂ ಅವಳ ಭುಜ ಹಿಡಿದುಕೊಂಡಳು.

"ಉಸಿರಾಡ್ತಾ..."

ಹದಿನೆಂಟು ವರ್ಷದ ಅಭ್ಯಾಸ. ಆ ಕಡೆಯವಳು ನಿಲ್ಲಿಸಿದಳು, ಈ ಕಡೆಯವಳ ಬಾಯಿ ತಾನಾಗಿ ತೆರೆಯಿತು. ತನ್ನ ಅಣ್ಣ, ಜಡೆ ಹಾಕಿ ಸ್ಕೂಲಿಗೆ ಕಳಿಸಿದವನು. ಅವಳಿಗೆ ಬೇರೆ ಪದ ಬರಲು ಸಾಧ್ಯವೇ ಇರಲಿಲ್ಲ.

"ಇದಾನೆ," ಎಂದಳು. "ಇದಾನೆ ಅಲ್ವಾ ಅತ್ತಿಗೆ? ಇದಾನೆ."

"ಇಲ್ಲ," ಎಂದಳು ಅತ್ತಿಗೆ.